ಲೇಖನದಲ್ಲಿ ವಾದ ಯಾವುದು, ಮನವೊಲಿಸುವ ತಂತ್ರ ಯಾವುದು ಅಂತ ಗುರುತಿಸೋದು ಹೇಗೆ?

ಮೊದಲು 'ಆದ್ದರಿಂದ' ಎಲ್ಲಿದೆ ಹುಡುಕಿ. ಅದರ ಹಿಂದಿರುವುದು ಕಾರಣ, ಮುಂದಿರುವುದು ತೀರ್ಮಾನ. ಆ ಪದ ಇಲ್ಲದಿದ್ದರೆ ನೀವೇ ಸೇರಿಸಿ ಓದಿ.

ಮಂಡ್ಯದ ಪತ್ರಿಕೆಯೊಂದಕ್ಕೆ ಬಂದ ಪತ್ರ ಅಂದುಕೊಳ್ಳಿ: "ಕೆಆರ್‌ಎಸ್ 124.80 ಅಡಿ ತುಂಬಿದೆ. ಅನ್ನ ಹಾಕುವ ರೈತ ಕಣ್ಣೀರಿಡಬಾರದು. ಬೇಸಿಗೆ ಬೆಳೆಗೂ ನಾಲೆಗೆ ನೀರು ಬಿಡಲೇಬೇಕು. ನಲವತ್ತು ವರ್ಷ ಗದ್ದೆ ಮಾಡಿದವನ ಮಾತಿದು."

ನೀರು ಬಿಡಬೇಕು ಅನ್ನೋದು ತೀರ್ಮಾನ. 124.80 ಅಡಿ ಕಾರಣ. ಅದು ಅಣೆಕಟ್ಟೆಯ ಗರಿಷ್ಠ ಮಟ್ಟ, ಲೆಕ್ಕ ಸರಿಯಾಗಿದೆ. ಕಣ್ಣೀರು ಭಾವನೆಯನ್ನು ತಟ್ಟುತ್ತದೆ. ನಲವತ್ತು ವರ್ಷದ ಮಾತು ಬರೆದವರ ಮೇಲೆ ನಂಬಿಕೆ ಹುಟ್ಟಿಸುತ್ತದೆ. ತರ್ಕ, ಭಾವನೆ, ನಂಬಿಕೆ ಅಂತ ಈ ಮೂರನ್ನು ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬೇರೆ ಮಾಡಿ ತೋರಿಸಿದ್ದ. ಭಾವನೆ ಬಂದರೆ ಮೋಸ ಅಂತ ಕೆಲವರು ಹೇಳ್ತಾರೆ, ನಾನಂತೂ ಒಪ್ಪಲ್ಲ.

ಜಾಸ್ತಿ ಗಮನ ಕೊಡಬೇಕಾದ್ದು ಬರೆಯದೆ ಬಿಟ್ಟ ಮಾತಿಗೆ. ಈಗ ತುಂಬಿದೆ ಅಂದರೆ ಬೇಸಿಗೆವರೆಗೂ ಸಾಕಾಗುತ್ತದೆ ಅಂತ ಪತ್ರ ಸುಮ್ನೆ ನಂಬಿಬಿಟ್ಟಿದೆ, ಅಲ್ವಾ? ಬೆಂಗಳೂರು, ಮೈಸೂರಿನ ಕುಡಿಯುವ ನೀರು, ತಮಿಳುನಾಡಿನ ಪಾಲು, ಯಾವುದರ ಸುದ್ದಿಯೂ ಇಲ್ಲ. ಪೆನ್ಸಿಲ್ ಗುರುತು ಬೀಳಬೇಕಾದ್ದು ಅಲ್ಲಿ.