ಹದಿನೈದು ನಿಮಿಷಕ್ಕೆಂದು ಬಂದ ಡಾಕ್ಟರು

ಮದ್ಯದಿಂದ ಯಕೃತ್ತಿಗೆ ಏನಾಗುತ್ತದೆ ಎಂಬ ಪಾಠವನ್ನು ನಾನಿಲ್ಲಿ ಮಾಡುವುದಿಲ್ಲ. ಕುಡಿಯುವವರಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ. ಈ ಸಲ ಮಾತು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಭೆಗಳ ಬಗ್ಗೆ ಮಾತ್ರ. ಕೆಳಗಿನ ಮೊದಲ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಲಕೋಟೆ ಒಡೆಯುವ ಮೊದಲೇ ಒಳಗೇನಿದೆ ಎಂದು ಹೇಳಬಲ್ಲೆ.

ಪ್ರಶ್ನೆ: ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆಗೆ ಒಮ್ಮೆ ಹೋಗಿದ್ದೆ. ದೇವರು, ಪ್ರಾರ್ಥನೆ ಎಂದರು. ನನಗೆ ಹಿಡಿಸದೆ ಮಧ್ಯದಲ್ಲೇ ಎದ್ದು ಬಂದೆ. ಇಂಥ ಸಭೆಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಅರ್ಧ ನೋಡಿದ ನಾಟಕಕ್ಕೆ ವಿಮರ್ಶೆ ಬರೆದಿದ್ದೀರಿ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ನಿಮ್ಮ ಹಾಗೆಯೇ ಒಲ್ಲದ ಮನಸ್ಸಿನಿಂದ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯನೊಡನೆ ಹದಿನೈದು ನಿಮಿಷ ಮಾತಾಡಿ ಹೊರಡುತ್ತೇನೆ ಎಂಬುದು ಅವರ ಷರತ್ತು. ಎದ್ದಾಗ ಆರು ಗಂಟೆ ಕಳೆದಿತ್ತು. ಅಷ್ಟಾದರೂ ಆ ವೈದ್ಯರು ಕೆಲವೇ ವಾರಗಳಲ್ಲಿ ಮತ್ತೆ ಕುಡಿದರು. ಅವರ ಕೊನೆಯ ಗುಟುಕು ಜೂನ್ 10ರದ್ದು, ಎ.ಎ. ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಆ ದಿನವನ್ನೇ. ಬಿಲ್ ಜೊತೆ ಎ.ಎ. ಕಟ್ಟಿದ ಈ ಸಂಸ್ಥಾಪಕರಿಗೇ ಮೊದಲ ಭೇಟಿ ಸಾಲಲಿಲ್ಲ. ನಿಮಗೆ ಅರ್ಧ ಸಭೆ ಸಾಕಾಗಬೇಕಿತ್ತೇ?

ಆದ್ದರಿಂದ ಕನಿಷ್ಠ ಆರು ಸಭೆ, ಅದೂ ಎರಡು ಮೂರು ಬೇರೆ ಗುಂಪುಗಳಲ್ಲಿ. ಇದು ನನ್ನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ. ಪ್ರತಿ ಗುಂಪೂ ತನ್ನಷ್ಟಕ್ಕೆ ಸ್ವತಂತ್ರ. ಒಂದು ಕಡೆ ಹಳಬರೊಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ, ಇನ್ನೊಂದು ಕಡೆ ಎಲ್ಲರೂ ಎರಡೆರಡು ನಿಮಿಷ. ಪಟ್ಟಿಯನ್ನು ಸಂಘಟನೆಯ ಜಾಲತಾಣದಲ್ಲಿ ನೋಡಿ, ಆದರೆ ಹೊರಡುವ ಮುನ್ನ ಸಹಾಯವಾಣಿಗೆ ಒಂದು ಕರೆ ಮಾಡಿ. ಸಭೆಯ ಜಾಗ, ಸಮಯ ಬದಲಾಗಿರುತ್ತವೆ. ಬೀಗ ಹಾಕಿದ ಬಾಗಿಲಿನಿಂದ ನೇರವಾಗಿ ಮದ್ಯದಂಗಡಿಗೆ ಹೋದವರನ್ನು ನಾನು ಕಂಡಿದ್ದೇನೆ. ‘ಮುಕ್ತ ಸಭೆ’ಗೆ ಯಾರು ಬೇಕಾದರೂ ಹೋಗಬಹುದು, ‘ಮುಚ್ಚಿದ ಸಭೆ’ ಕುಡಿತ ಬಿಡುವ ಇಚ್ಛೆ ಇರುವವರಿಗೆ ಮಾತ್ರ. ಮಾತಾಡಲೇಬೇಕೆಂಬ ಕಟ್ಟುಪಾಡಿಲ್ಲ. ‘ಇವತ್ತು ಕೇಳಲು ಬಂದಿದ್ದೇನೆ’ ಎಂದರೆ ಮುಗಿಯಿತು.

ನೀವು ತಪ್ಪಿಸಿಕೊಂಡದ್ದು ಸಭೆ ಮುಗಿದ ನಂತರದ ಹತ್ತು ನಿಮಿಷವನ್ನು. ಕುರ್ಚಿ ಮಡಚುವ ಹೊತ್ತಿಗೆ ಯಾರೋ ಹತ್ತಿರ ಬಂದು ತಮ್ಮ ಮೊಬೈಲ್ ಸಂಖ್ಯೆ ಕೊಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಾಯಿ ಒಣಗಿ ಕೈ ಚಡಪಡಿಸುವಾಗ ಉಪಯೋಗಕ್ಕೆ ಬರುವುದು ಆ ಸಂಖ್ಯೆಯೇ ಹೊರತು ನನ್ನ ಔಷಧಿ ಚೀಟಿಯಲ್ಲ.

ಇನ್ನು ದೇವರು. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಹೆಸರಿನ ಜೊತೆಗೆ ‘ನಾವು ಅರ್ಥ ಮಾಡಿಕೊಂಡಂತೆ’ ಎಂಬ ಮಾತು ಸೇರಿಸಿರುವುದೇ ನಿಮ್ಮಂಥವರಿಗಾಗಿ. ಅದೂ ಒಗ್ಗದಿದ್ದರೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಸಂಘಟನೆಯ ಸಭೆಗಳಿವೆ. ಅಲ್ಲಿ ಪ್ರಾರ್ಥನೆ ಇಲ್ಲ, ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಕಸರತ್ತು ಇದೆ. ಹತ್ತಿರದಲ್ಲಿ ಗುಂಪು ಇಲ್ಲದಿದ್ದರೆ ಆನ್‌ಲೈನ್ ಸಭೆಯೂ ಆದೀತು, ಕ್ಯಾಮೆರಾ ಆರಿಸಿ ಮಲಗುವುದಿಲ್ಲವಾದರೆ. ಪ್ರಯೋಜನದ ಮಾತಿಗೆ ಬಂದರೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎ.ಎ. ದಾರಿ ಇತರ ಚಿಕಿತ್ಸೆಗಳಿಗೆ ಸಮ ಅಥವಾ ಒಂದು ಕೈ ಮೇಲು ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕೊಕ್ರೇನ್ ಪರಾಮರ್ಶೆ ಹೇಳಿದೆ. ನಾನೂ ಮೊದಲು ನಂಬಿರಲಿಲ್ಲ.

ಒಂದು ಎಚ್ಚರಿಕೆ: ‘ಮಾತ್ರೆ ನುಂಗುವವನು ನಿಜವಾಗಿ ಬಿಟ್ಟವನಲ್ಲ’ ಎನ್ನುವ ಹಿರಿಯ ಸದಸ್ಯರು ಸಿಕ್ಕರೆ ಕೈ ಮುಗಿದು ಬೇರೆ ಕುರ್ಚಿಗೆ ಹೋಗಿ. ಸದಸ್ಯರು ವೈದ್ಯರಾಗಲು ಹೋಗಬಾರದು ಎಂದು ಎ.ಎ.ಯೇ ಮುದ್ರಿಸಿ ಹಂಚಿದೆ.

ಪ್ರಶ್ನೆ: ಪೂರ್ತಿ ಬಿಟ್ಟ ಮೇಲೆ ಹೋಗೋಣವೆಂದಿದ್ದೇನೆ. ಸರಿಯೇ?

ಸರಿಯಲ್ಲ. ಬೇಕಾದದ್ದು ಬಿಡುವ ಇಚ್ಛೆ ಮಾತ್ರ. ಬಹುಕಾಲದಿಂದ ದಿನವೂ ವಿಪರೀತ ಕುಡಿಯುತ್ತಿರುವವರು ‘ನಾಳೆಯಿಂದ ಒಂದು ತೊಟ್ಟೂ ಇಲ್ಲ’ ಎಂಬ ಶೌರ್ಯ ತೋರಿಸುವ ಮುನ್ನ ವೈದ್ಯರನ್ನು ಕಾಣಬೇಕು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈನಡುಕ, ಎರಡು ದಿನಗಳೊಳಗೆ ಫಿಟ್ಸ್, ಎರಡು ಮೂರನೇ ದಿನ ಸನ್ನಿ ಬರಬಹುದು. ಸನ್ನಿಯಿಂದ ಜೀವ ಹೋಗುವುದೂ ಉಂಟು.

ಪ್ರಶ್ನೆ: ಶುಲ್ಕ ಎಷ್ಟು?

ಇಲ್ಲ. ಪ್ರವೇಶ ಶುಲ್ಕ ಕೇಳಿದರೆ ಅದು ಎ.ಎ. ಅಲ್ಲ.

ಪ್ರಶ್ನೆ: ಕಚೇರಿಯವರಿಗೆ ಗೊತ್ತಾದರೆ?

ಅಲ್ಲಿ ಹಾಜರಿ ಪುಸ್ತಕವಿಲ್ಲ. ಕುಡಿದು ಕಚೇರಿಗೆ ಹೋದ ದಿನ ಈ ಚಿಂತೆ ಎಲ್ಲಿತ್ತು?

ಪ್ರಶ್ನೆ: ಪತಿ ಸಭೆಗೆ ಬರುವುದಿಲ್ಲ. ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿಯೊಂದನ್ನು ತರಿಸಿದ್ದೇನೆ. ಹಾಕಬಹುದೇ?

ಖಂಡಿತ ಬೇಡ. ಹೀಗೆ ಗುಟ್ಟಾಗಿ ಮಾರುವ ಪುಡಿಯಲ್ಲಿ ಏನಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಅದರಲ್ಲಿ ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು, ಅವರು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಆಪತ್ತು ಬರಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುವ ಔಷಧಿ ಅದು. ಮಾರಿದವನು ಆಗ ಫೋನ್ ಎತ್ತುವುದಿಲ್ಲ. ಪುಡಿಯನ್ನು ಎಸೆಯಿರಿ. ಕುಡಿಯುವವರ ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಸಭೆಗಳಿವೆ. ಅಲ್ಲಿಗೆ ನೀವೇ ಹೋಗಿ. ಪತಿ ಜೊತೆಗೆ ಬರಬೇಕಾಗಿಲ್ಲ, ಅವರ ಒಪ್ಪಿಗೆಯೂ ಬೇಕಾಗಿಲ್ಲ.