ಸುತ್ತ ಜನ ಇದ್ದರೆ ಇಷ್ಟ ಅಂತಾನಾ?

ಎಲ್ಲರನ್ನೂ ಆಡಿಕೊಳ್ಳುವ ಹುಡುಗಿಯೇ ಮಗಳ ಕ್ಲಾಸಿನಲ್ಲಿ ಪಾಪ್ಯುಲರ್, ಅದು ಹೇಗೆ ಅಂತ ಕೇಳಿದ್ದೀರಿ. ಇಷ್ಟವಾಗುವುದು ಬೇರೆ, ಪಾಪ್ಯುಲರ್ ಆಗುವುದು ಬೇರೆ. ಹದಿಹರೆಯದಲ್ಲಂತೂ ಇವೆರಡರ ನಡುವಿನ ಅಂತರ ಜಾಸ್ತಿ. ಮನಶ್ಶಾಸ್ತ್ರಜ್ಞರಾದ ಕೋಯ್, ಡಾಡ್ಜ್, ಕೊಪೊಟೆಲ್ಲಿ 1982ರಲ್ಲೇ ಮಕ್ಕಳನ್ನು ‘ಯಾರು ತುಂಬಾ ಇಷ್ಟ, ಯಾರು ಇಷ್ಟವೇ ಇಲ್ಲ’ ಅಂತ ಕೇಳಿದ್ದರು. ಕೆಲವರ ಹೆಸರು ಎರಡೂ ಕಡೆ ಬಂತು! ನಿಮ್ಮ ಮಗಳು ಹೇಳುವ ಹುಡುಗಿಯೂ ಬಹುಶಃ ಆ ಪೈಕಿಯೇ.

ಅವಳ ಜೋಕಿಗೆ ಎಲ್ಲರೂ ನಗುತ್ತಾರಲ್ವಾ, ನಗುವ ಮೊದಲು ಅಕ್ಕಪಕ್ಕ ನೋಡುತ್ತಾರಾ ಅಂತ ಮಗಳನ್ನು ಕೇಳಿ. ನೋಡುತ್ತಾರೆ ಅಂದರೆ ಅದು ಪ್ರೀತಿಯಲ್ಲ, ನಾಳೆ ತನ್ನ ಸರದಿ ಬಂದೀತು ಅನ್ನುವ ಭಯ. ಮಗಳಿಗೆ ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಗೆಳತಿ ಇದ್ದಾಳೆ ತಾನೇ? ಹಾಗಿದ್ದರೆ ‘ನೀನೂ ಅವಳ ಹಾಗಾಗು’ ಅಂತ ಸುಮ್ನೆ ತಲೆ ತಿನ್ನಬೇಡಿ.