ಅಮೆರಿಕದ ಸಣ್ಣ ಹಳ್ಳಿಯಲ್ಲಿ ಬದುಕು ಹೇಗಿರುತ್ತದೆ?

ಮದುವೆಯಾಗಿ ಅಮೆರಿಕದ ಸಣ್ಣ ಊರಿಗೆ ಹೊರಟಿದ್ದೀನಿ, ಬೇಜಾರಾಗಲ್ವಾ, ಜನ ಮಾತಾಡಿಸ್ತಾರಾ ಅಂತ ಕೇಳಿದ್ದೀರಿ. ನಾನಿರುವುದು ಓಹಾಯೋ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್‌ನಲ್ಲಿ. ಇಲ್ಲಿ ಜನ ಖಂಡಿತ ಮಾತಾಡಿಸುತ್ತಾರೆ. ಆದರೆ ಕಾರು ಓಡಿಸಲು ಬರದಿದ್ದರೆ ಮಾತ್ರ ಕೈಕಾಲು ಕಟ್ಟಿಹಾಕಿದ ಹಾಗಾಗುತ್ತದೆ.

ಹಳ್ಳಿ ಅಂದರೆ ಎಲ್ಲರೂ ಬೇಸಾಯಗಾರರು ಅಂದುಕೊಳ್ಳಬೇಡಿ. ಮೆಕ್ಕೆಜೋಳ, ಸೋಯಾಬೀನ್ ಹೊಲಗಳು ಊರು ದಾಟಿದ ಮೇಲೆ ಸಿಗುತ್ತವೆ. ಊರೊಳಗೆ ಮೇಷ್ಟರು, ಕಲಾವಿದರು, ನಿವೃತ್ತರು, ಹತ್ತಿರದ ಡೇಟನ್ ನಗರದ ಕಡೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ಓಹಾಯೋದಲ್ಲಿ ಸ್ವಂತ ಆಡಳಿತವಿರುವ ಊರಿನ ಜನಸಂಖ್ಯೆ 5,000 ಮುಟ್ಟದಿದ್ದರೆ ಕಾನೂನಿನ ಪ್ರಕಾರ ಅದು ವಿಲೇಜ್. 2020ರ ಜನಗಣತಿಯಲ್ಲಿ ನಮ್ಮೂರಿನದು ಸುಮಾರು 3,700. ಅಷ್ಟೇ ಜನಕ್ಕೆ ಆಂಟಿಯಾಕ್ ಕಾಲೇಜಿದೆ, ಒಂದು ಪುಟ್ಟ ಸಿನಿಮಾ ಮಂದಿರವಿದೆ, 1880ರಿಂದ ಬರುತ್ತಿರುವ ವಾರಪತ್ರಿಕೆ ಇದೆ.

ನನಗೆ ತುಂಬಾ ಹಿಡಿಸಿದ್ದು ಊರಿನ ಆಡಳಿತ ನೋಡಿಕೊಳ್ಳುವ ಕೌನ್ಸಿಲ್‌ನ ಸಭೆ. ಐದು ಜನ ಸದಸ್ಯರು, ಎಲ್ಲರೂ ಊರವರೇ. ನೀರು ಮತ್ತು ಕರೆಂಟಿನ ವ್ಯವಸ್ಥೆ ವಿಲೇಜಿನ ಕೈಯಲ್ಲೇ ಇರುವುದರಿಂದ ದರ ಏರಿಸುವುದಿದ್ದರೆ ಇವರೇ ಎಲ್ಲರೆದುರು ಕೂತು ಉತ್ತರ ಕೊಡಬೇಕು. ಯಾರು ಬೇಕಾದರೂ ಹೋಗಿ ಮೈಕ್ ಮುಂದೆ ನಿಂತು ಹೆಸರು ಹೇಳಿ ಮಾತಾಡಬಹುದು. ನಮ್ಮ ಬೀದಿಯ ಅಜ್ಜಿಯೊಬ್ಬರು ಕಾಲುದಾರಿಯ ಕಲ್ಲು ಎದ್ದಿದೆ, ವಾಕರ್ ತಳ್ಳಲು ಆಗುತ್ತಿಲ್ಲ ಅಂತ ಕಾಗದದಲ್ಲಿ ಬರೆದುಕೊಂಡು ಬಂದು ಓದಿದ್ದರು, ಯಾರೂ ಅವರನ್ನು ಅವಸರ ಮಾಡಲಿಲ್ಲ. ಅದನ್ನು ನೋಡಿ ನನಗೆ ಈ ಊರಿನ ಮೇಲೆ ಗೌರವ ಬಂತು. ಸಣ್ಣಪುಟ್ಟ ಟ್ರಾಫಿಕ್ ಕೇಸುಗಳನ್ನು ವಿಚಾರಿಸಲು ಮೇಯರ್ ಕೋರ್ಟು ಕೂಡ ಊರಲ್ಲೇ ಇದೆ!

ಇನ್ನು ಕಷ್ಟದ ಕಡೆ. ಊರೊಳಗೆ ಎಲ್ಲ ಕಡೆ ನಡೆದೇ ಹೋಗಬಹುದು, ದಿನಸಿ ಅಂಗಡಿಯೂ ಹತ್ತಿರ. ಆದರೆ ದೊಡ್ಡ ಆಸ್ಪತ್ರೆಗೆ, ಬಟ್ಟೆಬರೆಗೆ, ತೊಗರಿಬೇಳೆ ಕರಿಬೇವಿಗೆ ಹೊರಗೇ ಹೋಗಬೇಕು, ನಮ್ಮಲ್ಲಿಯ ಥರ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಬಸ್ ಬರುತ್ತದೆ ಅನ್ನುವ ಮಾತೇ ಇಲ್ಲ. ಹಿಂದೂ ದೇವಸ್ಥಾನ ಇರುವುದು ಬೀವರ್‌ಕ್ರೀಕ್‌ನಲ್ಲಿ, ಕಾರಲ್ಲಿ ಸುಮಾರು ಅರ್ಧ ಗಂಟೆ. ಕನ್ನಡ ಮಾತಾಡುವವರು ಸಿಗುವುದೂ ಆ ಕಡೆಯೇ. ಜನವರಿ, ಫೆಬ್ರವರಿಯಲ್ಲಿ ಐದೂವರೆ ಆರಕ್ಕೆಲ್ಲ ಕತ್ತಲು. ಆಗ ಮನೆಯಲ್ಲಿ ಸುಮ್ನೆ ಕೂತರೆ ಮನಸ್ಸು ಕುಗ್ಗುವುದು ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅದಕ್ಕೇ ಮೊದಲ ವಾರದಲ್ಲೇ ಲೈಬ್ರರಿ ಕಾರ್ಡ್ ಮಾಡಿಸಿ, ಅದು ಉಚಿತ. ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಸಂಗಾತಿಯ ವೀಸಾದ ಆಧಾರದ ಮೇಲೆ ಸಿಗುವ ವೀಸಾದಲ್ಲಿ, ಕೆಲಸ ಮಾಡುವಂತಿಲ್ಲದಿದ್ದರೂ ಲೈಬ್ರರಿಯಲ್ಲೋ ಊರಿನ ಸಮುದಾಯ ತೋಟದಲ್ಲೋ ಸ್ವಯಂಸೇವಕರಾಗಬಹುದು, ಪರಿಚಯ ಬೆಳೆಯುವುದೇ ಹಾಗೆ. ಇಲ್ಲಿ ನೀವಾಗೇ ಒಂದು ಹೆಜ್ಜೆ ಮುಂದಿಡಬೇಕು, ಕರೆಯದೆ ಯಾರೂ ಮನೆಗೆ ಬರುವುದಿಲ್ಲ. ನಡೆಯಲು ಇಷ್ಟವಿದ್ದರೆ ನಮ್ಮೂರಿನಂಥ ಜಾಗ ಇಲ್ಲ. ಪಕ್ಕದಲ್ಲೇ ಗ್ಲೆನ್ ಹೆಲೆನ್ ಕಾಡಿದೆ, ಸಾವಿರ ಎಕರೆಗೂ ಜಾಸ್ತಿ. 1929ರಲ್ಲಿ ಹ್ಯೂ ಟೇಲರ್ ಬರ್ಚ್ ಅನ್ನುವವರು ಮಗಳು ಹೆಲೆನ್ ನೆನಪಿಗೆ ಕಾಲೇಜಿಗೆ ಕೊಟ್ಟದ್ದು. ಊರಿಗೆ ಹೆಸರು ಕೊಟ್ಟ ಬುಗ್ಗೆ ಅಲ್ಲೇ ಇದೆ, ನೀರಿನಲ್ಲಿರುವ ಕಬ್ಬಿಣದ ಅಂಶದಿಂದ ಬಂಡೆಯೆಲ್ಲ ಕೇಸರಿ ಬಣ್ಣಕ್ಕೆ ತಿರುಗಿದೆ.

ಹೊರಡುವ ಮೊದಲು ಬಾಡಿಗೆ ಮನೆ ಮಾತ್ರ ಬೇಗ ಹುಡುಕಲು ನಿಮ್ಮ ಸಂಗಾತಿಗೆ ಹೇಳಿ. ಇಂಥ ಊರುಗಳಲ್ಲಿ ಮನೆಗಳೇ ಕಡಿಮೆ. ಸಾಧ್ಯವಾದರೆ ಅಂಗಡಿ, ಲೈಬ್ರರಿಗೆ ನಡೆದು ಹೋಗುವಷ್ಟು ಹತ್ತಿರವಿರಲಿ, ಲೈಸೆನ್ಸ್ ಕೈಗೆ ಬರುವ ತನಕ ಅದೇ ನಿಮಗೆ ದೊಡ್ಡ ಅನುಕೂಲ.